ನೀಲಿ ಮೊದಲು ಹೋಗುತ್ತದೆ

ಜೆರಾವಿತ್ಸಾದಲ್ಲಿ ಸತ್ತವರು ಅಷ್ಟು ಸುಲಭಕ್ಕೆ ಊರು ಬಿಡುವುದಿಲ್ಲ. ಹೂತು ಬಂದ ಮೇಲೂ ಅವರವರ ಮನೆ ಬಾಗಿಲಲ್ಲಿ, ಬಸ್ ನಿಲ್ದಾಣದ ಕಂಬದಲ್ಲಿ, ಬ್ರೆಡ್ಡಿನ ಅಂಗಡಿಯ ಗೋಡೆಯಲ್ಲಿ, ಕಪ್ಪು ಅಂಚಿನ ಹಾಳೆಯೊಳಗೆ ನಿಂತು ನಮ್ಮನ್ನೇ ನೋಡುತ್ತಿರುತ್ತಾರೆ. ಸತ್ತ ದಿನಕ್ಕೊಂದು ಹಾಳೆ, ನಲವತ್ತನೇ ದಿನಕ್ಕೊಂದು, ಆರು ತಿಂಗಳಿಗೊಂದು, ಆಮೇಲೆ ವರ್ಷವರ್ಷವೂ ಒಂದು. ಅಂಟಿಸಿದ ಹಾಳೆಯನ್ನು ಕೈಯಿಂದ ಕೀಳುವಂತಿಲ್ಲ. ಮಳೆಯೋ ಗಾಳಿಯೋ ಬಂದು ಒಯ್ಯಬೇಕು. ಹಾಗಾಗಿ ಹಾಲು ತರಲು ಹೋದರೂ ಹತ್ತಿಪ್ಪತ್ತು ಸತ್ತವರಿಗೆ ಮುಖ ತೋರಿಸಿಯೇ ಹೋಗಬೇಕು.

ಆ ಮುಖಗಳಲ್ಲಿ ಮುಕ್ಕಾಲು ಪಾಲು ಡೋನ್ಕಾ ಶೊಪೊವಾಳ ಅಡುಗೆಮನೆಯಿಂದ ಬಂದವು.

ಡೋನ್ಕಾಗೆ ಆಗ ಅರವತ್ತಮೂರು. ದಪ್ಪ ತೋಳು, ಬಾಯಲ್ಲಿ ಸದಾ ಆರಿದ ಸಿಗರೇಟು. ಊರಿನ ಸರ್ಕಾರಿ ಸ್ಟುಡಿಯೋದಲ್ಲಿ ಇಪ್ಪತ್ತೆರಡು ವರ್ಷ ಫೋಟೋ ತಿದ್ದುವ ಕೆಲಸ. ಅಳಿಲುಕೂದಲಿನ ಕುಂಚ ಹಿಡಿದು ಕಾರ್ಖಾನೆ ಮ್ಯಾನೇಜರುಗಳ ನರೂಲಿ ಅಳಿಸುವುದು, ಮದುಮಗಳ ಮೊಡವೆ ಮುಚ್ಚುವುದು. ಹಾಗೆ ನೋಡಿ ನೋಡಿ ಒಂದು ಕಣ್ಣು ಸಣ್ಣಗಾಗಿ ಹಾಗೇ ಉಳಿಯಿತು. ಕಮ್ಯುನಿಸ್ಟ್ ಸರ್ಕಾರ ಬಿದ್ದು ಸ್ಟುಡಿಯೋಗೆ ಬೀಗ ಬಿದ್ದ ಮೇಲೆ ಬಹಳ ವರ್ಷ ಹೊಗೆಸೊಪ್ಪು ಪೋಣಿಸಿ ಹೊಟ್ಟೆ ಹೊರೆದಳು. ಆಮೇಲೆ ಒಂದು ಫೋಟೋ ಪ್ರಿಂಟರ್ ತಂದಳು. ಜನ ರಜೆಗೆ ಸಮುದ್ರಕ್ಕೆ ಹೋದ ಚಿತ್ರ ತೆಗೆದುಕೊಳ್ಳಲಿ ಅಂತ ಮಾಡಿದ ಯಂತ್ರ. ಅದನ್ನು ಹೊಲಿಗೆ ಮೇಜಿನ ಮೇಲಿಟ್ಟು ಸಾವಿನ ಹಾಳೆ ಛಾಪಿಸತೊಡಗಿದಳು. ಉಳಿದವರು ಜೆರಾಕ್ಸ್ ಅಂಗಡಿಯಲ್ಲಿ ಮಸಿ ಬಳಿದಂಥ ಮುಖ ತೆಗೆಸುತ್ತಿದ್ದರು. ಡೋನ್ಕಾಳ ಹಾಳೆಯಲ್ಲಿ ಸತ್ತವನು ಈಗ ತಾನೇ ಊಟ ಮಾಡಿ ಎದ್ದವನ ಹಾಗೆ ಇರುತ್ತಿದ್ದ.

"ಸ್ಟುಡಿಯೋದಲ್ಲಿ ಬದುಕಿರೋರನ್ನ ಚೆಂದ ಮಾಡ್ತಿದ್ದೆ, ಈಗ ಸತ್ತೋರನ್ನ" ಅನ್ನುತ್ತಿದ್ದಳು. "ಸತ್ತೋರೇ ವಾಸಿ ಕಣೋ ಲ್ಯುಬೆನ್. ಮೂಗು ದಪ್ಪ ಬಂತು ಅಂತ ಜಗಳಕ್ಕೆ ಬರಲ್ಲ."

ಆ ಯಂತ್ರದ ಕಾಯಿಲೆಗಳೆಲ್ಲ ಅವಳಿಗೆ ಬಾಯಿಪಾಠ. ಮುಖದ ಮೇಲೆ ಅಡ್ಡ ಬಿಳಿ ಗೆರೆ ಬಂದರೆ ಶಾಯಿ ಉಗುಳುವ ತೂತು ಒಣಗಿ ಕಟ್ಟಿಕೊಂಡಿದೆ. ಮುಖ ಹಸಿರಾದರೆ ಗುಲಾಬಿ ಶಾಯಿ ನಿಂತಿದೆ. ಶಾಯಿ ಒಣಗದೆ ಕೆರೆಯಂತೆ ನಿಂತರೆ ಹಾಳೆಯ ತಪ್ಪು ಮಗ್ಗುಲಿಗೆ ಛಾಪಿಸಿದ್ದೀರಿ. ಅದಕ್ಕೇ ಅವಳು ಪ್ರತಿ ಹಾಳೆಯ ಮೂಲೆಯನ್ನು ತುಟಿಗೆ ತಾಗಿಸಿ ನೋಡುತ್ತಿದ್ದಳು. ತುಟಿಗೆ ಅಂಟಿದ ಮಗ್ಗುಲೇ ಸರಿಯಾದದ್ದು. ಊರಲ್ಲಿ ಯಾರೂ ಸಾಯದ ವಾರ ತೂತು ಒಣಗಬಾರದೆಂದು ಒಂದು ಪ್ಲಮ್ ಹಣ್ಣಿನ ಚಿತ್ರ ಛಾಪಿಸುತ್ತಿದ್ದಳು. ಅವಳ ಗೋಡೆಯಲ್ಲಿ ಪ್ಲಮ್ ಜಾಸ್ತಿ ಕಂಡರೆ ಊರಿಗೆ ಒಳ್ಳೆಯ ತಿಂಗಳು ಅಂತ ಲೆಕ್ಕ. ಆ ಚಳಿಗಾಲದಲ್ಲಿ ಗೋಡೆಯ ಮೇಲೆ ಒಂದೇ ಒಂದು ಪ್ಲಮ್ ಇತ್ತು.

ನಾನು ಲ್ಯುಬೆನ್, ರೈಲ್ವೆ ವರ್ಕ್‌ಶಾಪಿನ ಫಿಟ್ಟರ್. ಎಂಬತ್ತೊಂಬತ್ತರಲ್ಲಿ ಬೀದಿಗಿಳಿದು ಕೂಗಿದವನು, ತೊಂಬತ್ತೇಳರಲ್ಲೂ ಕೂಗಿದವನು, ಎರಡು ಸಲ ಪೊಲೀಸರ ಕೈಯಲ್ಲಿ ಹಲ್ಲು ಉದುರಿಸಿಕೊಂಡವನು. ನನ್ನ ಜೊತೆ ಕೂಗಿದವರು ಒಬ್ಬೊಬ್ಬರಾಗಿ ಗೋಡೆ ಹತ್ತುತ್ತಿದ್ದರು. ಅವರ ಫೋಟೋಗಳನ್ನು ಡೋನ್ಕಾಗೆ ಒಯ್ದು ಕೊಡುವುದೇ ನನಗೆ ಉಳಿದಿದ್ದ ಚಳವಳಿ. ಏಪ್ರಿಲ್ಲಿನ ಒಂದು ಬೆಳಿಗ್ಗೆ ಹಾಗೇ ಅವಳ ಅಡುಗೆಮನೆಯಲ್ಲಿ ಕುಳಿತಿದ್ದಾಗ ಅವಳ ತಂಗಿ ಗೆರ್ಗಿನಾ ಬಾಗಿಲು ತಳ್ಳಿಕೊಂಡು ಬಂದಳು.

ಗೆರ್ಗಿನಾ ಅಕ್ಕನಿಗಿಂತ ನಾಲ್ಕು ವರ್ಷ ಚಿಕ್ಕವಳು. ಡೋನ್ಕಾಳ ಮನೆ ಗುಡ್ಡದ ಮೇಲ್ಗೇರಿಯಲ್ಲಿ. ಗೆರ್ಗಿನಾಳದು ನದಿಯ ಪಕ್ಕ ಕೆಳಗೇರಿಯಲ್ಲಿ, ಹಳೇ ಬಾಯ್ಲರ್ ಮನೆಯ ಚಿಮಣಿಗೆ ಎದುರು. ಆ ಬಾಯ್ಲರ್ ಮನೆ ವರ್ಷಗಟ್ಟಲೆ ಸತ್ತು ಬಿದ್ದಿತ್ತು. ಯಾರೋ ಅದನ್ನು ಕೊಂಡರು. ಹಿಂದಿನ ಫೆಬ್ರವರಿಯಿಂದ ಟಾರ್ಪಾಲು ಮುಚ್ಚಿದ ಲಾರಿಗಳು ಬರತೊಡಗಿದವು. ಏನು ಸುಡುತ್ತೀರಿ ಅಂದರೆ ಮರದ ಹೊಟ್ಟು ಅಂದರು. ಮರದ ಹೊಟ್ಟಿಗೆ ಸುಟ್ಟ ಬಾಟಲಿಯ ವಾಸನೆ. ಗೆರ್ಗಿನಾಗೆ ಆ ಬೇಸಿಗೆಯಿಂದ ಕೆಮ್ಮು. ಡಾಕ್ಟರು ಸಿಗರೇಟು ಬಿಡಿ ಅಂದ. ಅವಳು ಜನ್ಮದಲ್ಲಿ ಸಿಗರೇಟು ಮುಟ್ಟಿದವಳಲ್ಲ. ಮೇಲೆ ಬಂದು ನನ್ನ ಜೊತೆ ಇರು ಅಂತ ಡೋನ್ಕಾ ವರ್ಷದಿಂದ ಹೇಳುತ್ತಿದ್ದಳು. ಡೋನ್ಕಾಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದವಳು ಈ ತಂಗಿಯೊಬ್ಬಳು. ಗೆರ್ಗಿನಾ ಮಾತ್ರ, "ನನ್ನ ಮಿತ್ಕೋ ಹಾಕಿದ ದ್ರಾಕ್ಷಿ ಬಳ್ಳಿ ಯಾರು ಸವರ್ತಾರೆ?" ಅಂತ ಹಟ ಹಿಡಿದು ಅಲ್ಲೇ ಕುಳಿತಿದ್ದಳು.

ಈಗ ಅವಳ ಕೈಯಲ್ಲಿ ಗಂಡ ಮಿತ್ಕೋನ ವರ್ಷದ ಹಾಳೆ ಇತ್ತು. ಅದನ್ನು ಮೇಜಿನ ಮೇಲೆ ಬಡಿದಳು.

"ನೋಡು. ನೋಡೇ ಅಕ್ಕ! ಬದುಕಿದ್ದಾಗ ಒಂದು ತೊಟ್ಟು ಕುಡೀಲಿಲ್ಲ ನನ್ನ ಗಂಡ. ಮೂರು ದಿನ ರಕಿಯಾ ಕುಡಿದು ಚರಂಡೀಲಿ ಬಿದ್ದೋನ ಥರ ಮಾಡಿದೀಯಲ್ಲ!"

ನಿಜ. ಮೂರು ವಾರದ ಹಿಂದೆ ಗೋಧಿಬಣ್ಣದಲ್ಲಿ ಹೊರಟಿದ್ದ ಮಿತ್ಕೋನ ಮುಖ ಇಟ್ಟಿಗೆ ಕೆಂಪಾಗಿತ್ತು. ಹಿಂದಿನ ಆಕಾಶ ಕೀವಿನ ಬಣ್ಣ. ಕಪ್ಪು ಅಂಚು, ಹೆಸರು, ತಾರೀಕು ಮಾತ್ರ ಕಡೆದಿಟ್ಟ ಹಾಗೆ ಗಟ್ಟಿಯಾಗಿದ್ದವು.

ಡೋನ್ಕಾ ಹಾಳೆಯನ್ನಲ್ಲ, ಹಾಳೆಯ ಹರಿದ ಮೂಲೆಗಳನ್ನು ನೋಡಿದಳು. "ಕೈಯಿಂದ ಕಿತ್ತೆಯಾ?"

"ಕಿತ್ತೆ. ಪಾಪ ಬಂದ್ರೆ ನಿನ್ನ ತಲೆಗೆ ಬರ್ಲಿ." ಕೆಮ್ಮು ಬಂತು. ಮೇಜು ಹಿಡಿದು ಕೆಮ್ಮಿ ಮುಗಿಸಿ ಮತ್ತೆ ಶುರುಮಾಡಿದಳು. "ಯಾವ ಶಾಯಿ ಹಾಕಿದ್ದೆ?"

ಡೋನ್ಕಾ ಹಾಳೆಯನ್ನೆತ್ತಿ ಬೆಳಕಿಗೆ ಹಿಡಿದಳು.

"ಬಾಟಲಿ ಶಾಯಿ ತಾನೆ? ಸಿರಿಂಜಲ್ಲಿ ಚುಚ್ಚಿ ತುಂಬಿಸ್ತೀಯಲ್ಲ, ಅದೇ. ಊರೋರಿಗೆಲ್ಲ ಕಂಪನಿ ಶಾಯಿ, ತಂಗಿ ಗಂಡಂಗೆ ಬಾಟಲಿ ಶಾಯಿ."

"ಎಲ್ಲಾರಿಗೂ ಬಾಟಲೀದೇ ಹಾಕೋದು ಕಣೆ."

"ಹಾಗಾದ್ರೆ ಎಲ್ಲಾರಿಗೂ ಮೋಸ." ನನ್ನ ಕಡೆ ತಿರುಗಿದಳು. "ಲ್ಯುಬೆನಣ್ಣ, ನೀವು ನ್ಯಾಯ ನ್ಯಾಯ ಅಂತ ಬೀದೀಲಿ ಕೂಗೋರು. ಇಲ್ಲಿ ಕೂತು ಬಾಯಿಗೆ ಬೀಗ ಹಾಕ್ಕೊಂಡಿದೀರಾ?"

ಹೋಗುವಾಗ ಬಾಗಿಲು ಮುಚ್ಚಲಿಲ್ಲ. ಇಳಿಜಾರಿನಲ್ಲಿ ಅವಳ ಕೆಮ್ಮು ಬಹಳ ಹೊತ್ತು ಕೇಳಿಸುತ್ತಿತ್ತು.

ಆ ವಾರದಿಂದ ನಾನೂ ಕಣ್ಣು ಬಿಟ್ಟು ನೋಡತೊಡಗಿದೆ. ಕೆಳಗೇರಿಯ ಬಾಗಿಲು ಬಾಗಿಲಲ್ಲೂ ಕೆಂಪು ಮುಖ. ಮುದುಕಿಯರು, ಬಡಗಿಗಳು, ಒಬ್ಬ ಶಾಲೆ ಮೇಡಂ, ಎಲ್ಲರೂ ಬೆಂಕಿಯೆದುರು ನಿಂತವರ ಹಾಗೆ. ಬಸ್ ನಿಲ್ದಾಣದಲ್ಲಿ ಇಬ್ಬರು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು.

"ನರಕದಲ್ಲಿ ಬೇಯ್ತಿದಾರೆ, ಅದಕ್ಕೇ ಆ ಬಣ್ಣ."

"ಪೇನಾ ಮೇಡಂ ಕೂಡಾನಾ?"

"ಮೇಡಂ ಪಾರ್ಟೀಲಿದ್ದೋಳು ಮರೆತೆಯೇನೇ?"

"ಮೇಲ್ಗೇರಿಯೋರು ಮಾತ್ರ ನೆಟ್ಟಗಿದಾರಲ್ಲ. ಅಲ್ಲಿದ್ದೋನು ಆ ಕಟುಕ ಕೂಡ ಸ್ವರ್ಗಕ್ಕೆ ಹೋದ್ನಂತಾ?"

ಮಾತು ನಗೆಯದೇ. ಆದರೆ ಹೇಳಿದವಳು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು, ಕೇಳಿದವಳೂ ಮಾಡಿಕೊಂಡಳು.

ಡೋನ್ಕಾ ಯಂತ್ರದ ಹೊಟ್ಟೆ ಬಿಚ್ಚಿ ಕುಳಿತಿದ್ದಳು. ಪರೀಕ್ಷೆ ಹಾಳೆ ತೆಗೆದಳು. ನಾಲ್ಕು ಬಣ್ಣಗಳ ಮೆಟ್ಟಿಲು ಮೆಟ್ಟಿಲಾದ ಸಣ್ಣ ಗೆರೆಗಳು, ಒಂದೊಂದು ಗೆರೆಗೂ ಒಂದೊಂದು ತೂತು. ಒಂದು ಗೆರೆ ಬಿಟ್ಟುಹೋದರೆ ಆ ತೂತು ಕಟ್ಟಿದೆ ಅಂತ. ಒಂದೂ ಬಿಟ್ಟಿರಲಿಲ್ಲ. ಆದರೂ ಆ ತೂತುಗಳಿರುವ ಹೆಡ್ಡನ್ನು ಎರಡು ಸಲ ತೊಳೆಸಿದಳು. ನಂಬಿಕೆ ಬರದೆ ಅದನ್ನು ಹೊರತೆಗೆದು ಬೆಚ್ಚನೆ ನೀರಲ್ಲಿ ನೆನೆಸಿದ ಬಟ್ಟೆಯ ಮೇಲೆ ಮಲಗಿಸಿದಳು. ನಾಲ್ಕು ಬಣ್ಣ ನಾಲ್ಕು ಗಾಯದ ಹಾಗೆ ಬಟ್ಟೆಗಿಳಿದವು. ಹೆಡ್ಡಿನಲ್ಲಿ ಊನವಿಲ್ಲ. ಬಾಟಲಿ ಶಾಯಿ ಚೆಲ್ಲಿ ಕಂಪನಿಯ ಹೊಸ ಕಾರ್ಟ್ರಿಜ್ ಹಾಕಿದಳು. ಹೊಸ ಹಾಳೆಯ ಕಟ್ಟು ಒಡೆದಳು. ಮಿತ್ಕೋನನ್ನು ಮತ್ತೆ ಛಾಪಿಸಿ, ತಂಗಿ ಸಂತೆಗೆ ಹೋದ ಹೊತ್ತು ನೋಡಿ ಅವಳ ಗೇಟಿಗೆ ಅಂಟಿಸಿ ಬಂದಳು.

ಮೂರು ವಾರ. ಮಿತ್ಕೋ ಮತ್ತೆ ಕುಡಿದಿದ್ದ.

"ಶಾಯಿ ಅಲ್ಲ, ಹಾಳೆ ಅಲ್ಲ, ಹೆಡ್ಡೂ ಅಲ್ಲ" ಅಂದಳು ಡೋನ್ಕಾ. "ಯಂತ್ರ ಕೆಟ್ಟಿದ್ರೆ ಹಾಳೆ ಹುಟ್ಟುವಾಗ್ಲೇ ರೋಗಿ. ಇದು ಗಟ್ಟಿಮುಟ್ಟಾಗಿ ಹುಟ್ಟಿ ಆಮೇಲೆ ಕಾಯಿಲೆ ಬಿದ್ದಿದೆ ಕಣೋ. ಮೊದಲು ನೀಲಿ ಹೋಗತ್ತೆ. ನೀಲಿ ಹೋದ್ರೆ ಉಳಿಯೋದು ಕೆಂಪು."

"ಬಿಸಿಲು" ಅಂದೆ.

"ಅಂಚೆ ಕಚೇರಿ ಜಗುಲೀಲಿ ಬಿಸಿಲು ಬಿದ್ದಿದ್ದು ನೀನು ಯಾವತ್ತು ನೋಡಿದೀಯ? ಅಲ್ಲೂ ಕೆಂಪು."

ಇಬ್ಬರೂ ಕೆಳಗೇರಿಯ ಬಾಗಿಲುಗಳನ್ನು ನೋಡುತ್ತ ನಡೆದೆವು. ದರ್ಜಿಯೊಬ್ಬನ ಹಾಳೆಯ ಮುಂದೆ ಡೋನ್ಕಾ ನಿಂತುಬಿಟ್ಟಳು. ಗಾಳಿಗೆ ಆ ಹಾಳೆ ಎದೆಯ ಹತ್ತಿರ ಹರಿದಿತ್ತು. ಅವನ ಹೆಂಡತಿ ಪಾರದರ್ಶಕ ಟೇಪು ಅಡ್ಡ ಹಾಕಿ ಸರಿಮಾಡಿದ್ದಳು. ದರ್ಜಿಯ ಟೈ ಕೊರಳಿಂದ ಟೇಪಿನವರೆಗೆ ಕಂದು, ಟೇಪು ಮುಚ್ಚಿದ ಎರಡು ಬೆರಳಗಲ ಅಪ್ಪಟ ನೀಲಿ, ಅದರಾಚೆ ಮತ್ತೆ ಕಂದು. ಡೋನ್ಕಾ ಆ ನೀಲಿಯ ಮೇಲೆ ಬೆರಳಿಟ್ಟಳು.

"ಟೇಪಿನೊಳಗೆ ಬಿಸಿಲು ಹೋಗತ್ತೆ" ಅಂದಳು. "ಗಾಳಿ ಹೋಗಲ್ಲ."

ಅವಳು ತಲೆಯೆತ್ತಿ ಚಿಮಣಿ ನೋಡಿದಳು. ನಾನೂ ನೋಡಿದೆ. ಬೆಳ್ಳಗಿನ, ಬಡಕಲು ಹೊಗೆ. ನೋಡಲು ಏನೂ ಅಲ್ಲ. ಬೀದಿಯಲ್ಲಿ ಒಂದು ಗುಬ್ಬಿಯೂ ಇರಲಿಲ್ಲ ಅನ್ನುವುದು ನನಗೆ ಆಗಲೇ ಹೊಳೆದದ್ದು.

ನನ್ನೊಳಗಿನ ಹಳೇ ನಾಯಿ ಎದ್ದು ನಿಂತಿತು. "ಸಿಕ್ಕಿಬಿದ್ರು ಸೂಳೇಮಕ್ಕಳು! ನಾಳೇನೇ ಪುರಸಭೆ ಮುಂದೆ ಜನ ಸೇರಿಸ್ತೀನಿ."

"ಬಾಯಿ ಮುಚ್ಚು. ಒಂದು ಟೇಪು ತಗೊಂಡು ಹೋಗಿ ಕೂಗ್ತೀಯಾ? ಒಂದೇ ಮುಖ, ಒಂದೇ ಶಾಯಿ, ಒಂದೇ ದಿನ, ಚಿಮಣಿಯಿಂದ ನನ್ನ ಮನೇವರೆಗೂ ಅಂಟಿಸಬೇಕು. ಆಮೇಲೆ ಮಾತು."

"ಪ್ಲಮ್ ಹಣ್ಣು ಅಂಟಿಸು."

"ಪ್ಲಮ್ಮನ್ನ ಕಸ ಗುಡಿಸೋಳು ಮಾರನೇ ದಿನಾನೇ ಕೀಳ್ತಾಳೆ. ಈ ಊರಲ್ಲಿ ಯಾರೂ ಕೈ ಹಚ್ಚದೇ ಇರೋ ಕಾಗದ ಅಂದ್ರೆ ಸಾವಿನ ಹಾಳೆ ಒಂದೇ."

"ಯಾರದ್ದು ಹಾಕ್ತೀಯ? ಸತ್ತೋರನ್ನ ಹೊಗೆಗೆ ಹಿಡಿ ಅಂತ ಯಾವ ಮನೆಯೋರು ಕೊಡ್ತಾರೆ?"

ಡೋನ್ಕಾ ಆರಿದ ಸಿಗರೇಟನ್ನು ಬಾಯ ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿಸಿದಳು. "ನನ್ನದು ಹಾಕೋಣ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಮನೆಗೆ ಬಂದು ಕೊರಳಿಗೆ ಕಡುನೀಲಿ ಬಟ್ಟೆ ಸುತ್ತಿಕೊಂಡು ಬಿಳಿ ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಕ್ಯಾಮೆರಾ ನನ್ನ ಕೈಗೆ ಕೊಟ್ಟಳು. "ನಾನು ನಗ್ತಿದ್ರೆ ಹೇಳು. ಸತ್ತೋರು ನಗಬಾರ್ದು." ಕಪ್ಪು ಅಂಚು, ಹೆಸರು, ಹುಟ್ಟಿದ ವರ್ಷ, ಒಂದು ಗೆರೆ, ಗೆರೆಯ ಮುಂದೆ ಖಾಲಿ. ಇಪ್ಪತ್ತನಾಲ್ಕು ಹಾಳೆ. ಪ್ರತಿಯೊಂದರ ಮೂಲೆಯನ್ನೂ ತುಟಿಗೆ ತಾಗಿಸಿ ಒಳಗೆ ತಳ್ಳಿದಳು. ಹೊರಗೆ ಬರುವಾಗ ಇಂಚಿಂಚಾಗಿ, ಮೊದಲು ಕೂದಲು, ಆಮೇಲೆ ಹಣೆ, ಕಣ್ಣು. ನಾನು ಮುಖ ತಿರುಗಿಸಿದೆ. ಅವಳು ಮಾತ್ರ ಬಿಳಿ ಗೆರೆ ಬಂದಿದೆಯೋ ಅಂತ ನೋಡುತ್ತಿದ್ದಳು.

ಮರುದಿನ ಬೆಳಕು ಹರಿಯುವಾಗ ಇಪ್ಪತ್ತಮೂರು ಹಾಳೆ ಅಂಟಿಸಿದೆವು. ಮೊದಲನೆಯದು ಬಾಯ್ಲರ್ ಮನೆಯ ಕಾಂಪೌಂಡಿಗೆ, ಒಂಬತ್ತನೆಯದು ಗೆರ್ಗಿನಾಳ ಗೇಟಿಗೆ, ಕೊನೆಯದು ಡೋನ್ಕಾಳದೇ ಬಾಗಿಲಿಗೆ. ಇಪ್ಪತ್ತನಾಲ್ಕನೆಯದನ್ನು ಸುರುಳಿ ಸುತ್ತಿ ಉಪ್ಪಿನಕಾಯಿಯ ದೊಡ್ಡ ಗಾಜಿನ ಜಾಡಿಯಲ್ಲಿಟ್ಟು, ಮುಚ್ಚಳ ಬಿಗಿದು, ಗೆರ್ಗಿನಾಳ ಗೋಡೆಯ ಮೇಲೆ ಬಿಸಿಲು ಬೀಳುವ ಕಡೆ ಇಟ್ಟೆವು.

ಒಂದು ವಿಷಯ ನಾವಿಬ್ಬರೂ ಯೋಚಿಸಿರಲಿಲ್ಲ. ತಂಗಿಗೆ ಹೇಳಬೇಕಿತ್ತು.

ಎಂಟು ಗಂಟೆಗೆ ಡೋನ್ಕಾಳ ಅಂಗಳದಲ್ಲಿ ಹತ್ತು ಜನ. ಒಬ್ಬಳ ಕೈಯಲ್ಲಿ ಮೇಣದಬತ್ತಿ, ಇನ್ನೊಬ್ಬಳ ಕೈಯಲ್ಲಿ ಸಾವಿನ ಮನೆಗೆ ಒಯ್ಯುವ ಬೇಯಿಸಿದ ಗೋಧಿಯ ಬೋಗುಣಿ. ಬಾಗಿಲು ತೆಗೆದರೆ ಸತ್ತವಳು ಒಲೆಯ ಮುಂದೆ ಹುರುಳಿಕಾಯಿ ಸಾರು ಕುಡಿಯುತ್ತಿದ್ದಳು. ಗೋಧಿ ತಂದವಳು ಬೋಗುಣಿಯನ್ನು ಅಲ್ಲೇ ಕೆಳಗಿಟ್ಟು ಓಡಿದಳು. ಅದೆಲ್ಲ ನಗೆಯಾಯಿತು. ಆಮೇಲೆ ಗೆರ್ಗಿನಾ ಬಂದಳು.

ಕೆಳಗೇರಿಯಿಂದ ಮೇಲ್ಗೇರಿಗೆ ಆರೋಗ್ಯವಂತರಿಗೆ ಹದಿನೈದು ನಿಮಿಷದ ದಾರಿ. ಅವಳಿಗೆ ಮುಕ್ಕಾಲು ಗಂಟೆ ಹಿಡಿದಿತ್ತು. ಜನರನ್ನು ಸೀಳಿಕೊಂಡು ಒಳಗೆ ಬಂದು, ಅಕ್ಕನನ್ನು ನೋಡಿ, ಮಾತಿಲ್ಲದೆ ಕೈಯೆತ್ತಿ ಕೆನ್ನೆಗೆ ಬಾರಿಸಿದಳು.

"ಸತ್ತೋಳಿಗೆ ಹೊಡೀತಿದೀಯಲ್ಲೇ" ಅಂದಳು ಡೋನ್ಕಾ.

"ಮತ್ತೊಂದು ಸಲ ಸಾಯಿ, ನಾನೇ ಹೂಳ್ತೀನಿ ನಿನ್ನ. ಮುಂಡೆ. ಹುಚ್ಚು ಮುಂಡೆ." ಅಷ್ಟು ಹೇಳಲು ನಾಲ್ಕು ಸಲ ಉಸಿರೆಳೆದುಕೊಂಡಳು. ಕುರ್ಚಿಗೆ ಕುಸಿದಳು. ಡೋನ್ಕಾ ಅವಳ ಗದ್ದ ಹಿಡಿದೆತ್ತಿದಳು. ಜೀವಮಾನವೆಲ್ಲ ಮುಖದ ಬಣ್ಣ ನೋಡಿದವಳು ತಂಗಿಯ ಮುಖದ ಬಣ್ಣ ನೋಡಿದಳು. ನಾನೂ ಕಂಡೆ. ತುಟಿ ನೀಲಿ. ಹಾಳೆಗಳಿಂದ ಹೋದ ನೀಲಿ ಇಲ್ಲಿ ಬಂದು ಕೂತಂತಿತ್ತು.

"ಮಿತ್ಕೋನ ಮುಖ ಕೆಡಿಸಿದ್ದು ಆ ಚಿಮಣಿ ಹೊಗೆ ಕಣೆ. ಕೆಳಗೆ ಹೋಗಬೇಡ. ಇಲ್ಲೇ ಇರು."

"ನಿನ್ನ ಜಾಡಿ, ನಿನ್ನ ಹಾಳೆ, ನಿನ್ನ ಹುಚ್ಚು. ಹೊಗೆ ಅಂತೀಯ. ಯಂತ್ರ ಕೆಟ್ಟಿದೆ ಅಂತ ಒಪ್ಕೊಳ್ಳಕ್ಕೆ ನಾಚ್ಕೆ ನಿಂಗೆ."

"ಹೊಗೇನೇ ಅಂತ ತೋರಿಸಿದ್ರೆ ಬರ್ತೀಯಾ?"

ಗೆರ್ಗಿನಾ ಕೆಮ್ಮಿ ಬಾಯೊರೆಸಿಕೊಂಡಳು. "ನಿನ್ನ ಯಂತ್ರ ಸರಿ ಇದ್ರೆ ಬರ್ತೀನಿ. ಕೆಟ್ಟಿದ್ರೆ ಮಿತ್ಕೋ ಮುಂದೆ ಮಂಡಿಯೂರಿ ತಪ್ಪಾಯ್ತು ಅನ್ನಬೇಕು ನೀನು."

ಐದು ವಾರ ಕಾದೆವು. ಹಾಲು ತರಲು ಹೋಗುವಾಗ ದಾರಿಯುದ್ದಕ್ಕೂ ಡೋನ್ಕಾ ನನ್ನನ್ನು ನೋಡುತ್ತಿದ್ದಳು, ದಿನದಿನಕ್ಕೂ ಬೇರೆ ಬಣ್ಣದಲ್ಲಿ. ಎದುರಿಗೆ ಅವಳೇ ಬ್ರೆಡ್ಡಿನ ಚೀಲ ಹಿಡಿದು ಬರುತ್ತಿದ್ದಳು. ಜನ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ಅವಳ ಕೈಯಲ್ಲಿ ಹಾಳೆ ಮಾಡಿಸುವುದನ್ನು ಕೆಲವರು ನಿಲ್ಲಿಸಿದರು. ಸಾವನ್ನು ಹೆಸರು ಹಿಡಿದು ಕರೆದವಳ ಮನೆಗೆ ಯಾರು ಹೋಗುತ್ತಾರೆ.

ಜೂನ್ ಕೊನೆಗೆ ಊರಿನ ವಾಚನಾಲಯದ ಸಭಾಂಗಣದಲ್ಲಿ ಜನ ಸೇರಿಸಿದೆ. ಪುರಸಭೆಯವರು ಬಂದರು. ಬಾಯ್ಲರ್ ಮನೆಯ ಎಂಜಿನಿಯರೂ ಬಂದ, ಇಸ್ತ್ರಿ ಮಾಡಿದ ಅಂಗಿಯವನು. ಡೋನ್ಕಾ ತನ್ನ ಹಾಳೆಗಳನ್ನು ತಾನೇ ಕಿತ್ತು ತಂದಿದ್ದಳು. ತನ್ನ ಸಾವು, ತಾನು ಕಿತ್ತರೆ ಯಾರಿಗೆ ಪಾಪ. ಅವನ್ನು ನೆಲದ ಮೇಲೆ ಸಾಲಾಗಿ ಹಾಸಿದಳು. ಒಬ್ಬಳೇ ಹೆಂಗಸು, ಇಪ್ಪತ್ತಮೂರು ಸಲ. ಚಿಮಣಿ ಕಡೆಯವಳಿಗೆ ಮುಖವೆಲ್ಲ ಸುಟ್ಟ ಕೆಂಪು, ಕೊರಳ ಬಟ್ಟೆ ಒಣಗಿದ ರಕ್ತದ ಬಣ್ಣ. ಅಲ್ಲಿಂದ ಒಂದೊಂದು ಹೆಜ್ಜೆಗೂ ಸ್ವಲ್ಪ ಸ್ವಲ್ಪ ಜೀವ. ಗುಡ್ಡದ ಮೇಲಿನವಳು ಗೋಧಿಬಣ್ಣದಲ್ಲಿ, ನೀಲಿ ಕೊರಳಲ್ಲಿ ನೆಟ್ಟಗೆ ಕುಳಿತಿದ್ದಳು. ಆಮೇಲೆ ಜಾಡಿಯ ಮುಚ್ಚಳ ತಿರುಗಿಸಿದಳು. ಕೆಳಗೇರಿಯ ಬಿಸಿಲಲ್ಲೇ ಐದು ವಾರ ಇದ್ದ ಹಾಳೆ ಛಾಪಿಸಿದ ದಿನದ ಹಾಗೇ ಇತ್ತು.

ಎಂಜಿನಿಯರು ನಕ್ಕ. "ಅಜ್ಜಿ, ನಿಮ್ಮ ಪ್ರಿಂಟರ್ ಹಳೇದು. ಒಂದೊಂದು ಹಾಳೆಗೆ ಒಂದೊಂದು ಥರ ಶಾಯಿ ಬಿದ್ದಿರತ್ತೆ."

ಡೋನ್ಕಾ ಕಂಬಳಿಯಲ್ಲಿ ಸುತ್ತಿ ತಂದಿದ್ದ ಯಂತ್ರವನ್ನು ಬಿಚ್ಚಿ ಅವನ ಮುಂದಿನ ಮೇಜಿನ ಮೇಲಿಟ್ಟಳು. ಪರೀಕ್ಷೆ ಹಾಳೆ ತೆಗೆದು ಅವನ ಕೈಗೆ ಕೊಟ್ಟಳು.

"ಎಣಿಸಿ ಸ್ವಾಮಿ. ಓದಿದೋರು ನೀವು. ಒಂದು ಗೆರೆ ಕಡಿಮೆ ಇದ್ರೂ ನಾನು ಇವನ್ನೆಲ್ಲ ಮಡಚಿ ಒಲೆಗೆ ಹಾಕ್ತೀನಿ."

ಇನ್ನೂರು ಜನರೆದುರು ಅವನು ಎಣಿಸಬೇಕಾಯಿತು. ಎಣಿಸಿದ. ಹಾಳೆಯನ್ನು ಕೆಳಗಿಟ್ಟು ನೀರು ಕುಡಿದ.

ಹಿಂದಿನ ಬೆಂಚಿನಿಂದ ಗೆರ್ಗಿನಾ ಎದ್ದು ಬಂದಳು. ಸಾಲಿನಲ್ಲಿ ಒಂಬತ್ತನೆಯ ಹಾಳೆ, ತನ್ನ ಗೇಟಿನದು, ಎತ್ತಿಕೊಂಡಳು. ಅಕ್ಕನ ಕೆಂಪು ಮುಖ ನೋಡಿದಳು, ಅಕ್ಕನನ್ನು ನೋಡಿದಳು. "ನಂಗೆ ಕಿಟಕಿ ಪಕ್ಕದ ಮಂಚ ಬೇಕು" ಅಂದಳು. ಮಾರನೇ ದಿನ ಮಿತ್ಕೋನ ಬಳ್ಳಿಯಿಂದ ಕಡಿದ ಒಂದು ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಮೇಲ್ಗೇರಿಗೆ ಬಂದಳು.

ಉಳಿದದ್ದು ನಮ್ಮ ಕೆಲಸ. ಹನ್ನೊಂದು ದಿನ ಸೇತುವೆಯ ಮೇಲೆ ಕುಳಿತು ಲಾರಿಗಳನ್ನು ತಡೆದೆವು. ಗಾಳಿಗೆ ಉದುರಿದ ಕೆಂಪು ಮುಖಗಳನ್ನು ಕೋಲಿಗೆ ಕಟ್ಟಿ ಹಿಡಿದೆವು. ಪೊಲೀಸರು ಬಂದರು, ಅವರಲ್ಲೊಬ್ಬನ ಅಜ್ಜಿಯೂ ಕೋಲಿನ ಮೇಲಿದ್ದಳು, ಅವನು ಲಾಠಿ ಎತ್ತಲಿಲ್ಲ. ಹನ್ನೆರಡನೇ ದಿನ ಬಾಯ್ಲರ್ ಮನೆಯ ಕಂಪನಿಯವರು ಮಾತಿಗೆ ಕರೆದರು. ಕೆಳಗೇರಿಗೆ ಹೊಗೆ ಇಳಿಯದಂತೆ ಮಾಡುತ್ತೇವೆ, ಚಿಮಣಿಯನ್ನು ನಲವತ್ತು ಮೀಟರ್ ಎತ್ತರಿಸುತ್ತೇವೆ ಅಂದರು. ಊರಿನ ಪರವಾಗಿ ಸಹಿ ಹಾಕಿದವನು ನಾನು. ಅಷ್ಟು ವರ್ಷ ಕೂಗಿದ್ದರಲ್ಲಿ ಮೊದಲ ಸಲ ಎದುರಿನವನು ನನ್ನ ಕಣ್ಣೆದುರೇ ತಲೆಬಾಗಿದ್ದ. ನನಗೆ ಗೆದ್ದ ಅಮಲು. ಸೇತುವೆಯ ಮೇಲೆ ಕೈ ಕೈ ಹಿಡಿದು ಹೋರೋ ಕುಣಿದೆವು.

ಡೋನ್ಕಾ ಕುಣಿಯಲಿಲ್ಲ. "ಲ್ಯುಬೆನ್, ಚಿಮಣಿ ಎತ್ತರ ಆದ್ರೆ ಹೊಗೆ ಎಲ್ಲಿಗೆ ಹೋಗತ್ತೆ?"

"ಮೇಲಕ್ಕೆ."

"ಮೇಲಕ್ಕೆ ಅಂದ್ರೆ?"

"ಆಕಾಶಕ್ಕೆ ಕಣೆ. ಬಾ, ಕುಣಿ."

ಮುಂದಿನ ಬೇಸಿಗೆ ಹೊತ್ತಿಗೆ ಚಿಮಣಿ ಎದ್ದಿತು. ಕೆಳಗೇರಿಯ ಮುಖಗಳು ಕೆಂಪಾಗುವುದು ನಿಂತಿತು. ಗುಬ್ಬಿಗಳು ಬಂದವು. ಗೆರ್ಗಿನಾಳ ಕೆಮ್ಮು ಇಳಿಯಿತು. ಬಳ್ಳಿಯ ತುಂಡು ಅಕ್ಕನ ಅಂಗಳದಲ್ಲಿ ಬೇರು ಬಿಟ್ಟು ಎರಡು ಗೇಣು ಎದ್ದಿತ್ತು. ವಾಪಸ್ ಕೆಳಗೆ ಹೋಗುತ್ತೇನೆ ಅಂತ ಅವಳು ಎರಡು ಸಲ ಅಂದಳು. ಇನ್ನೊಂದು ಚಳಿಗಾಲ ಇಲ್ಲೇ ಇರು ಅಂತ ಡೋನ್ಕಾ ತಡೆದಳು. ತನ್ನ ಬಾಗಿಲಿನ ಸಾವಿನ ಹಾಳೆಯನ್ನು ಮಾತ್ರ ಡೋನ್ಕಾ ಬಿಡಲಿಲ್ಲ. ಪ್ರತಿ ತಿಂಗಳ ಒಂದನೇ ತಾರೀಕು ಹಳೆಯದನ್ನು ಕಿತ್ತು ಹೊಸದು ಅಂಟಿಸುತ್ತಿದ್ದಳು, ಕೊರಳ ಬಟ್ಟೆಯ ಅರ್ಧಕ್ಕೆ ಟೇಪು ಹಚ್ಚಿ. ಬೆಳಿಗ್ಗೆ ಎದ್ದರೆ ಅಕ್ಕನ ಸಾವಿನ ಮುಖ ನೋಡಬೇಕು ಅಂತ ಗೆರ್ಗಿನಾ ಗೊಣಗುತ್ತಿದ್ದಳು.

ಅಕ್ಟೋಬರ್ ಕೊನೆಯಲ್ಲಿ ಒಂದು ಮಧ್ಯಾಹ್ನ ಅಲ್ಲಿಗೆ ಹೋದೆ. ಮೇಲ್ಗೇರಿಯ ಅಂಗಳಗಳಲ್ಲೆಲ್ಲ ಕೆಂಪು ಮೆಣಸು ಸುಡುತ್ತಿದ್ದರು. ಗೆರ್ಗಿನಾ ದೊಡ್ಡ ಹಂಡೆಯಲ್ಲಿ ಮೆಣಸಿನ ಗೊಜ್ಜು ಕದಡುತ್ತ ಕೆಮ್ಮುತ್ತಿದ್ದಳು.

"ಮೆಣಸಿನ ಘಾಟು ಲ್ಯುಬೆನಣ್ಣ" ಅಂದಳು. "ವಾರದಿಂದ ಸುಡ್ತಾನೇ ಇದೀವಲ್ಲ."

ಡೋನ್ಕಾ ಬಾಗಿಲ ಮುಂದೆ ನಿಂತಿದ್ದಳು. ನನ್ನನ್ನು ಮಾತಾಡಿಸಲಿಲ್ಲ. ಹಾಳೆ ನಾಲ್ಕು ವಾರದ್ದು. ಟೇಪು ಮುಚ್ಚಿದ ಅರ್ಧ ಕೊರಳ ಬಟ್ಟೆ ನೀಲಿ. ಉಳಿದರ್ಧ ಕಂದು. ಮುಖ ಈಗಷ್ಟೇ ಜ್ವರ ಬಂದವಳದು.

ಅವಳು ಒಳಗೆ ಹೋದಳು. ನಾನು ಹಿಂದೆ ಹೋದೆ. ಪರೀಕ್ಷೆ ಹಾಳೆ ಹಾಕಿದಳು. ಯಂತ್ರ ಗೊರಗೊರ ಅಂದು ಹೊರಗೆ ತಳ್ಳಿತು. ಕಿಟಕಿಯ ಬೆಳಕಿಗೆ ಹಿಡಿದು, ಸಣ್ಣಗಾದ ಕಣ್ಣನ್ನು ಇನ್ನಷ್ಟು ಸಣ್ಣಗೆ ಮಾಡಿ, ಒಂದೊಂದೇ ಗೆರೆ ಎಣಿಸಿದಳು. ಒಂದೂ ಬಿಟ್ಟಿರಲಿಲ್ಲ. ಹೊರಗೆ ಗೆರ್ಗಿನಾ ಕೆಮ್ಮುತ್ತಿದ್ದಳು.

"ಪ್ರಿಂಟರ್ ಸರಿಯಾಗೇ ಇದೆ" ಅಂದಳು ಡೋನ್ಕಾ.

ಕಪಾಟಿನಿಂದ ಹಾಳೆಯ ಹೊಸ ಕಟ್ಟು ತೆಗೆದು ಒಡೆದಳು. ಹಿಂದಿನ ಸಲದ ನೀಲಿ ಬಟ್ಟೆಯನ್ನು ನನ್ನ ತೊಡೆಯ ಮೇಲೆ ಎಸೆದಳು.

"ಆವತ್ತು ಸಹಿ ಹಾಕಿದೋನು ನೀನು. ಈ ಸಲ ನಿನ್ನ ಮುಖ ಅಂಟಿಸೋಣ. ಕಟ್ಕೊಂಡು ಗೋಡೆಗೆ ಕೂತ್ಕೋ. ನಗಬೇಡ."